ನಾಯಿಯ ಉಗುರು ಮನೆಯಲ್ಲೇ ಕತ್ತರಿಸಲು ಯಾವ ಸಾಧನ ಒಳ್ಳೆಯದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಶುವೈದ್ಯನಲ್ಲ. ಮೂರು ನಾಯಿಗಳ ಉಗುರನ್ನು ವರ್ಷಗಟ್ಟಲೆ ಮನೆಯಲ್ಲೇ ಕತ್ತರಿಸಿದವನು. ಒಂದೆರಡು ಸಲ ರಕ್ತ ಬರಿಸಿದವನೂ ಹೌದು. ಹೊಸದಾಗಿ ನಾಯಿ ತಂದ ಸ್ನೇಹಿತರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಆಗಿರುತ್ತವೆ. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲ ಸಲ ಕೊಳ್ಳುತ್ತಿದ್ದೇನೆ. ಸುತ್ತಿ ಬಳಸಿ ಹೇಳಬೇಡಿ, ಯಾವುದನ್ನು ತಗೊಳ್ಳಲಿ?

ಇಕ್ಕಳದ ಥರದ ಕ್ಲಿಪ್ಪರ್ ತಗೊಳ್ಳಿ. ಎರಡು ಬ್ಲೇಡು, ನಡುವೆ ಸ್ಪ್ರಿಂಗು, ಜಾರದ ಹಿಡಿ. ಬ್ಲೇಡು ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಲಿ. ಜೊತೆಗೆ ರಕ್ತ ನಿಲ್ಲಿಸುವ ಪುಡಿಯ ಒಂದು ಚಿಕ್ಕ ಡಬ್ಬಿ. ಶುರು ಮಾಡಲು ಇಷ್ಟು ಸಾಕು. ಗ್ರೈಂಡರ್, ಅಂದರೆ ಉಗುರನ್ನು ಉಜ್ಜಿ ಸವೆಸುವ ಚಿಕ್ಕ ಯಂತ್ರ, ಬೇಕಾ ಬೇಡವಾ ಅನ್ನುವುದನ್ನು ನಾಲ್ಕಾರು ಸಲ ಕತ್ತರಿಸಿದ ಮೇಲೆ ಯೋಚಿಸಿ.

ಬಾಚಣಿಗೆ, ಬ್ರಷ್ಷು, ಅರ, ಕತ್ತರಿ ಎಲ್ಲ ತುಂಬಿದ ಕಿಟ್‌ಗಳನ್ನು ನೋಡಿ ಮರುಳಾಗಬೇಡಿ. ನಾನು ತಂದ ಎರಡು ಕಿಟ್‌ಗಳಲ್ಲೂ ಬ್ರಷ್ಷು ಚೆನ್ನಾಗಿತ್ತು, ಕ್ಲಿಪ್ಪರ್ ಮಾತ್ರ ಮೊಂಡು. ಆ ದುಡ್ಡನ್ನೆಲ್ಲ ಒಂದೇ ಒಳ್ಳೆ ಕ್ಲಿಪ್ಪರ್‌ಗೆ ಹಾಕುವುದು ಲಾಭ.

ನಾವು ಬಳಸುವ ನೇಲ್ ಕಟರ್‌ನಲ್ಲೇ ಕತ್ತರಿಸಿದರೆ ಆಗಲ್ವಾ?

ಕೆಲವೇ ವಾರದ ಮರಿಗೆ ಆಗುತ್ತದೆ. ಅದರ ಉಗುರು ದಾರದಷ್ಟು ತೆಳು, ತುದಿಯನ್ನು ಚೂರು ಚಿವುಟಿದರೆ ಮುಗಿಯಿತು. ಬೆಳೆದ ನಾಯಿಗೆ ಬೇಡ. ನಮ್ಮ ಉಗುರು ಚಪ್ಪಟೆ, ನೇಲ್ ಕಟರ್ ಇರುವುದೂ ಅದಕ್ಕೆ ತಕ್ಕ ಹಾಗೆ. ನಾಯಿಯ ಉಗುರು ಗುಂಡಗೆ, ದಪ್ಪಗೆ, ಕೊಕ್ಕೆಯ ಹಾಗೆ ಬಾಗಿರುತ್ತದೆ. ನೇಲ್ ಕಟರ್ ಅದನ್ನು ಎರಡು ಕಡೆಯಿಂದ ಜಜ್ಜಿ ಚಪ್ಪಟೆ ಮಾಡುತ್ತದೆ. ಉಗುರು ಸೀಳುತ್ತದೆ, ನೋವೂ ಆಗುತ್ತದೆ.

ಇಕ್ಕಳದಂಥದ್ದಕ್ಕೂ ತೂತಿರುವ ಗಿಲೋಟಿನ್ ಕ್ಲಿಪ್ಪರ್‌ಗೂ ಏನು ವ್ಯತ್ಯಾಸ?

ಗಿಲೋಟಿನ್‌ನಲ್ಲಿ ಒಂದು ಬಳೆಯಂಥ ತೂತು ಇರುತ್ತದೆ. ಉಗುರನ್ನು ಅದರೊಳಗೆ ತೂರಿಸಿ ಹಿಡಿ ಒತ್ತಿದರೆ ಒಂದೇ ಬ್ಲೇಡು ಸರಿದು ಬಂದು ಕತ್ತರಿಸುತ್ತದೆ. ಚಿಕ್ಕ ನಾಯಿಗಳ ತೆಳು ಉಗುರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೈಗೆ ಜಾಸ್ತಿ ಬಲ ಬೇಕಿಲ್ಲ. ಬ್ಲೇಡು ಮೊಂಡಾದರೆ ಅದೊಂದನ್ನೇ ಬದಲಾಯಿಸಬಹುದು, ಇದು ದೊಡ್ಡ ಅನುಕೂಲ.

ತೊಂದರೆ ಎಲ್ಲಿ ಅಂದರೆ, ಕಾಲು ಎಳೆದುಕೊಳ್ಳುವ ನಾಯಿಯ ಉಗುರನ್ನು ಆ ತೂತಿಗೆ ತೂರಿಸುವುದು. ಸೂಜಿಗೆ ದಾರ ಪೋಣಿಸುವಾಗ ಯಾರೋ ಸೂಜಿಯನ್ನೇ ಅಲ್ಲಾಡಿಸುತ್ತಿದ್ದರೆ ಹೇಗಿರುತ್ತದೋ ಹಾಗೆ. ತೂರಿಸಿದ ಮೇಲೆ ಎಷ್ಟು ಒಳಗೆ ಹೋಗಿದೆ ಅಂತ ಕಾಣುವುದೂ ಕಷ್ಟ. ದಪ್ಪ ಉಗುರಾದರೆ ಬ್ಲೇಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಸುರುಳಿ ಸುತ್ತಿಕೊಂಡು ಬೆಳೆದ ಉಗುರಂತೂ ತೂತಿನೊಳಗೆ ಹೋಗುವುದೇ ಇಲ್ಲ.

ಇಕ್ಕಳದಂಥದ್ದನ್ನು ಪಕ್ಕದಿಂದ, ಕೆಳಗಿನಿಂದ, ಯಾವ ಕಡೆಯಿಂದ ಬೇಕಾದರೂ ತರಬಹುದು. ಬ್ಲೇಡು ಎಲ್ಲಿ ಕೂತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ನಾಯಿ ಕಾಲು ಎಳೆದರೆ ಥಟ್ಟನೆ ಬಿಡಿಸಿಕೊಳ್ಳಬಹುದು. ನನ್ನ ಮತ ಅದಕ್ಕೇ.

ಗಿಲೋಟಿನ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ. ಆದರೆ ಅದನ್ನು ಹಿಡಿಯಲು ಸರಿಯಾದ ಮಗ್ಗುಲು ಒಂದಿದೆ. ಚಲಿಸುವ ಬ್ಲೇಡು ನಿಮ್ಮ ಕಡೆಗೆ ಇರಬೇಕು, ನಾಯಿಯ ಕಡೆಗಲ್ಲ. ತಿರುಗಿಸಿ ಹಿಡಿದರೆ ನೀವು ಅಂದುಕೊಂಡದ್ದಕ್ಕಿಂತ ಒಳಗೆ ಕತ್ತರಿಸಿಬಿಡುತ್ತೀರಿ.

ಸೈಜ್ ಹೇಗೆ ಆರಿಸುವುದು?

ನಾಯಿಯ ತೂಕ ನೋಡಬೇಡಿ, ಉಗುರಿನ ದಪ್ಪ ನೋಡಿ. ಬ್ಲೇಡು ಪೂರ್ತಿ ತೆರೆದಾಗ ಉಗುರು ಆ ಕಮಾನಿನೊಳಗೆ ಸಲೀಸಾಗಿ ಕೂರಬೇಕು. ದೊಡ್ಡ ನಾಯಿಗೆ ಚಿಕ್ಕ ಕ್ಲಿಪ್ಪರ್ ತಂದರೆ ಉಗುರು ಜಜ್ಜುತ್ತದೆ. ಚಿಕ್ಕ ನಾಯಿಗೆ ದೊಡ್ಡದನ್ನು ತಂದರೆ ಎಲ್ಲಿ ಕತ್ತರಿಸುತ್ತಿದ್ದೀರಿ ಅಂತಲೇ ಕಾಣುವುದಿಲ್ಲ. ಇನ್ನೊಂದು, ಅದು ನಿಮ್ಮ ಕೈಗೂ ಹೊಂದಬೇಕು. ಸ್ಪ್ರಿಂಗು ಬಿಗಿಯಾಗಿದ್ದರೆ ಎಂಟನೇ ಉಗುರಿನ ಹೊತ್ತಿಗೆ ಬೆರಳು ನಡುಗಲು ಶುರುವಾಗುತ್ತದೆ. ಸಾಮಾನ್ಯವಾಗಿ ಒಂದು ನಾಯಿಗೆ 18 ಉಗುರು ಇರುತ್ತವೆ, ನೆನಪಿರಲಿ.

ಬ್ಲೇಡು ಹರಿತವಾಗಿದೆಯಾ ಅಂತ ಹೇಗೆ ಗೊತ್ತಾಗುತ್ತದೆ? ಅದು ಅಷ್ಟು ಮುಖ್ಯವಾ?

ಎಲ್ಲಕ್ಕಿಂತ ಮುಖ್ಯ ಅದೇ. ಯಾವ ಬಗೆಯ ಕ್ಲಿಪ್ಪರ್ ಅನ್ನುವ ಚರ್ಚೆ ಆಮೇಲಿನದ್ದು.

ನಮ್ಮ ಕರಿಯನ ಕಥೆ ಹೇಳುತ್ತೇನೆ. ಹೆಸರಿಗೆ ತಕ್ಕಂತೆ ಮೈಯೂ ಕಪ್ಪು, ಉಗುರೂ ಕಪ್ಪು. ಹಳೆಯ ಕ್ಲಿಪ್ಪರ್ ಇತ್ತು, ನಡೆಯುತ್ತದೆ ಬಿಡು ಅಂದುಕೊಂಡು ಅದರಲ್ಲೇ ಶುರು ಮಾಡಿದೆ. ಹರಿತವಾದ ಬ್ಲೇಡು ಉಗುರಿಗೆ ಬಿದ್ದರೆ 'ಟಕ್' ಅಂತ ಒಂದೇ ಸದ್ದು. ಆ ದಿನ ಬಂದದ್ದು 'ಕರ್ರ್' ಅನ್ನುವ ಸದ್ದು. ಬ್ಲೇಡು ಉಗುರನ್ನು ಕತ್ತರಿಸಲಿಲ್ಲ, ಹಿಂಡಿತು. ಉಗುರು ಉದ್ದಕ್ಕೆ ಸೀಳಿ ಕಬ್ಬಿನ ಸಿಪ್ಪೆಯಂತೆ ಎಳೆ ಎಳೆಯಾಗಿ ನಿಂತಿತು. ಒಂದು ಹನಿ ರಕ್ತ ಬರಲಿಲ್ಲ. ಆದರೆ ಕರಿಯ ಕಾಲು ಕಿತ್ತುಕೊಂಡು ಮಂಚದ ಕೆಳಗೆ ಸೇರಿದ. ಆಮೇಲೆ ಎರಡು ತಿಂಗಳು ಆ ಡ್ರಾಯರ್ ಎಳೆದ ಸದ್ದು ಕೇಳಿದರೆ ಸಾಕು, ಎದ್ದು ಹೋಗುತ್ತಿದ್ದ. ಹಿಂಡಿದಾಗ ಆಗುವ ಒತ್ತಡವೇ ಅದಕ್ಕೆ ನೋವು. ರಕ್ತ ಬಂದಿಲ್ಲ, ಹಾಗಾಗಿ ನೋವಾಗಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ.

ಪರೀಕ್ಷೆ ಸುಲಭ. ಪ್ಲಾಸ್ಟಿಕ್ ಸ್ಟ್ರಾ ಒಂದನ್ನು ಕತ್ತರಿಸಿ ನೋಡಿ. ಅಂಚು ನೀಟಾಗಿ ಬಂದರೆ ಸರಿ. ಸ್ಟ್ರಾ ಮಡಚಿಕೊಂಡು ಬ್ಲೇಡಿನ ನಡುವೆ ಸಿಕ್ಕಿಕೊಂಡರೆ ಆ ಕ್ಲಿಪ್ಪರ್ ನಾಯಿಯ ಹತ್ತಿರ ಹೋಗಬಾರದು. ಬ್ಲೇಡು ಮುಚ್ಚಿ ಬೆಳಕಿಗೆ ಹಿಡಿದು ನೋಡುವುದೂ ಒಂದು ದಾರಿ. ಎರಡು ಅಂಚು ಕೂಡುವ ಕಡೆ ಬೆಳಕು ನುಸುಳಿದರೆ ಬ್ಲೇಡು ಸೊಟ್ಟಗಾಗಿದೆ ಅಂತ ಅರ್ಥ. ಸಾಣೆ ಹಿಡಿಸುವುದು ಇಕ್ಕಳದಂಥದ್ದಕ್ಕೆ ಸಾಧ್ಯ, ಆದರೆ ಆ ಬಾಗಿದ ಅಂಚಿಗೆ ಚೆನ್ನಾಗಿ ಸಾಣೆ ಹಿಡಿಯುವವರು ಸಿಗುವುದು ಕಷ್ಟ. ಹೊಸದು ತರುವುದೇ ವಾಸಿ.

ಜಾಸ್ತಿ ಕತ್ತರಿಸದ ಹಾಗೆ ತಡೆಯುವ ಗಾರ್ಡ್ ಇರುವುದನ್ನು ತಗೊಂಡರೆ ನಿಶ್ಚಿಂತೆ ಅಲ್ವಾ?

ಅಲ್ಲ. ಬ್ಲೇಡಿನ ಹಿಂದೆ ಒಂದು ಚಿಕ್ಕ ತಗಡು ಇರುತ್ತದೆ, ಉಗುರು ಅದಕ್ಕೆ ತಾಗಿ ನಿಲ್ಲುತ್ತದೆ. ಆದರೆ ಉಗುರಿನೊಳಗಿನ ಹಸಿಭಾಗ ಎಲ್ಲಿಯವರೆಗೆ ಬಂದಿದೆ ಅನ್ನುವುದು ಆ ತಗಡಿಗೆ ಗೊತ್ತಿಲ್ಲ. ಒಂದು ನಾಯಿಗೆ ಅದು ಬುಡದಲ್ಲೇ ಇರುತ್ತದೆ, ಇನ್ನೊಂದಕ್ಕೆ ತುದಿಯ ಹತ್ತಿರ. ಗಾರ್ಡ್ ನಂಬಿ ಕಣ್ಣುಮುಚ್ಚಿ ಒತ್ತಿದರೆ ರಕ್ತ ಬರಬಹುದು. ನಾನಂತೂ ಅದನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತೇನೆ, ನೋಡಲು ಅಡ್ಡ ಬರುತ್ತದೆ.

ಹಸಿಭಾಗ ಅಂದರೆ ಏನು?

ಉಗುರಿನೊಳಗೆ ರಕ್ತನಾಳ ಮತ್ತು ನರ ಇರುವ ಮೆತ್ತನೆಯ ತಿರುಳು. ಡಾಕ್ಟರುಗಳು ಕ್ವಿಕ್ ಅನ್ನುತ್ತಾರೆ. ಅದಕ್ಕೆ ಬ್ಲೇಡು ತಾಗಿದರೆ ನೋವು, ರಕ್ತ ಎರಡೂ. ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣದಲ್ಲಿ ಹೊರಗಿನಿಂದಲೇ ಕಾಣುತ್ತದೆ. ಅದಕ್ಕಿಂತ 2 ಮಿಲಿಮೀಟರ್ ಈಚೆಗೆ ನಿಲ್ಲಿಸಿದರೆ ಸಾಕು.

ಕಪ್ಪು ಉಗುರಿನಲ್ಲಿ ಏನೂ ಕಾಣುವುದಿಲ್ಲವಲ್ಲ. ಎಲ್ಲಿ ನಿಲ್ಲಿಸಬೇಕು?

ಇಲ್ಲಿ ಸಾಧನಕ್ಕಿಂತ ಕಣ್ಣೇ ಮುಖ್ಯ. ಮೊದಲು ಉಗುರನ್ನು ಕೆಳಗಿನಿಂದ ನೋಡಿ. ತುದಿಯ ಕೊಕ್ಕೆಯ ಭಾಗದಲ್ಲಿ ಒಂದು ಸಣ್ಣ ತೋಡು ಇರುತ್ತದೆ, ಅಲ್ಲಿ ಉಗುರು ಟೊಳ್ಳು. ಆ ಟೊಳ್ಳು ತುದಿಯಲ್ಲಿ ತಿರುಳಿಲ್ಲ, ಹೆದರಿಕೆಯಿಲ್ಲದೆ ತೆಗೆಯಬಹುದು.

ಅಲ್ಲಿಂದ ಮುಂದೆ ಒಂದೇ ಏಟಿಗೆ ಕತ್ತರಿಸಬೇಡಿ. ಬಾಳೆಕಾಯಿ ಚಿಪ್ಸ್‌ಗೆ ಹೆಚ್ಚುವ ಹಾಗೆ 1 ಮಿಲಿಮೀಟರಿನ ತೆಳು ಬಿಲ್ಲೆಗಳನ್ನಾಗಿ ತೆಗೆಯುತ್ತಾ ಹೋಗಿ. ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡಿ. ಮೊದಮೊದಲು ಅದು ಒಣಗಿ, ಸೀಮೆಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿಯಾಗಿ ಕಾಣುತ್ತದೆ. ಇನ್ನೂ ಒಂದೆರಡು ಬಿಲ್ಲೆ ತೆಗೆದರೆ ನಡುವೆ ಒಂದು ಚುಕ್ಕೆ ಮೂಡುತ್ತದೆ. ಬೂದು ಬಣ್ಣದ್ದೋ ಕಪ್ಪೋ ಇರುತ್ತದೆ, ಸುತ್ತಲಿಗಿಂತ ನಯವಾಗಿ, ಚೂರು ತೇವವಾಗಿ ಹೊಳೆಯುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೊಂದೇ ಒಂದು ಬಿಲ್ಲೆ ಅಂತ ಆಸೆ ಪಡಬೇಡಿ. ನಾನು ಆಸೆ ಪಟ್ಟ ದಿನವೇ ರಕ್ತ ಬಂದದ್ದು.

ಹತ್ತು ಕಪ್ಪು ಉಗುರಿನ ನಡುವೆ ಒಂದು ಬಿಳಿ ಉಗುರು ಇರುವ ನಾಯಿಗಳಿವೆ. ಮೊದಲು ಅದನ್ನು ನೋಡಿದರೆ ಉಳಿದವುಗಳ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ.

ಲೈಟ್ ಇರುವ ಕ್ಲಿಪ್ಪರ್ ಬಂದಿದೆಯಲ್ಲ, ಅದರಿಂದ ಹಸಿಭಾಗ ಕಾಣುತ್ತದಂತೆ?

ಬಿಳಿ ಉಗುರಿನಲ್ಲಿ ಕಾಣುತ್ತದೆ, ಆದರೆ ಅದು ಲೈಟ್ ಇಲ್ಲದೆಯೂ ಕಾಣುತ್ತಿತ್ತು. ಕಪ್ಪು ಉಗುರಿನ ಬಣ್ಣ ಬೆಳಕನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಯಾರಿಗೆ ನಿಜವಾಗಿ ಬೇಕೋ ಅವರಿಗೇ ಇದು ಉಪಯೋಗಕ್ಕೆ ಬರುವುದಿಲ್ಲ. ಆ ದುಡ್ಡಿಗೆ ಹಣೆಗೆ ಕಟ್ಟಿಕೊಳ್ಳುವ ಟಾರ್ಚ್ ತಗೊಳ್ಳಿ. ಕತ್ತರಿಸಿದ ಮುಖ ನೋಡಲು ಅದು ಸಾವಿರ ಪಾಲು ಮೇಲು.

ಗ್ರೈಂಡರ್ ಬಗ್ಗೆ ಹೇಳಿ. ಅದು ಕ್ಲಿಪ್ಪರ್‌ಗಿಂತ ಒಳ್ಳೆಯದಾ?

ಒಳ್ಳೆಯದು ಕೆಟ್ಟದ್ದು ಅನ್ನುವುದಕ್ಕಿಂತ ಕೆಲಸವೇ ಬೇರೆ. ಕ್ಲಿಪ್ಪರ್ ಕತ್ತರಿಸುತ್ತದೆ, ಗ್ರೈಂಡರ್ ಉಜ್ಜಿ ಸವೆಸುತ್ತದೆ. ತುಂಬಾ ದಪ್ಪ ಉಗುರು, ಕಪ್ಪು ಉಗುರು, ಕತ್ತರಿಸಿದ ಮೇಲೆ ಉಳಿಯುವ ಒರಟು ಅಂಚು, ಇವಕ್ಕೆ ಗ್ರೈಂಡರ್ ಚೆನ್ನ. ಸ್ವಲ್ಪ ಸ್ವಲ್ಪವೇ ಸವೆಯುವುದರಿಂದ ಹಸಿಭಾಗದ ಹತ್ತಿರ ಬಂದದ್ದು ಗೊತ್ತಾಗುತ್ತದೆ. ಅಂಚು ನುಣ್ಣಗಾಗುತ್ತದೆ, ಸೋಫಾಗೂ ನಿಮ್ಮ ತೊಡೆಗೂ ಗೀರು ಬೀಳುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಇದೊಂದೇ ಕಾರಣಕ್ಕೆ ತಗೊಳ್ಳಬಹುದು.

ಈಗ ಅದರ ತಾಪತ್ರಯಗಳು. ಮೊದಲನೆಯದು ಬಿಸಿ. ಒಂದೇ ಕಡೆ ಒತ್ತಿ ಹಿಡಿದರೆ ಉಗುರು ಕಾದು ನಾಯಿಗೆ ಚುರುಕ್ ಅನ್ನುತ್ತದೆ. ಒಂದೆರಡು ಸೆಕೆಂಡ್ ತಾಗಿಸಿ, ಎತ್ತಿ, ಮತ್ತೆ ತಾಗಿಸಿ. ಒತ್ತಬೇಡಿ, ಮುಟ್ಟಿಸಿ ಅಷ್ಟೇ. ಎರಡನೆಯದು ಸದ್ದು ಮತ್ತು ನಡುಕ. ಕ್ಲಿಪ್ಪರ್‌ಗೆ ಸುಮ್ನೆ ಕಾಲು ಕೊಡುವ ನಾಯಿಯೂ ಗುಂಯ್ ಅನ್ನುವ ಸದ್ದಿಗೆ ಓಡಬಹುದು. ಮೂರನೆಯದು ಕೂದಲು. ಕಾಲಲ್ಲಿ ಉದ್ದ ಕೂದಲಿರುವ ನಾಯಿಯಾದರೆ ತಿರುಗುವ ತುದಿಗೆ ಸಿಕ್ಕಿ ಸುತ್ತಿಕೊಳ್ಳುತ್ತದೆ. ಹಳೆಯ ತೆಳು ಸ್ಟಾಕಿಂಗ್ ಒಂದನ್ನು ಕಾಲಿಗೆ ಹಾಕಿ, ಉಗುರು ಮಾತ್ರ ಅದನ್ನು ತೂರಿ ಹೊರಗೆ ಬರುವಂತೆ ಮಾಡಿದರೆ ಕೂದಲು ಒಳಗೇ ಉಳಿಯುತ್ತದೆ. ನಿಮ್ಮ ಜಡೆಯನ್ನೂ ಹಿಂದಕ್ಕೆ ಕಟ್ಟಿಕೊಳ್ಳಿ.

ಮತ್ತೆ ಧೂಳು. ಸುಟ್ಟ ಕೂದಲಿನ ವಾಸನೆ ಬರುವ ಬಿಳಿ ಪುಡಿ ಎಲ್ಲೆಂದರಲ್ಲಿ ಹಾರುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಕನ್ನಡಕ ಇದ್ದರೆ ಅದನ್ನೂ. ಅಡುಗೆಮನೆಯಲ್ಲಿ ಮಾತ್ರ ಮಾಡಬೇಡಿ.

ತುಂಬಾ ಬೆಳೆದ ಉಗುರನ್ನು ಗ್ರೈಂಡರ್ ಒಂದರಲ್ಲೇ ಇಳಿಸಲು ಹೋದರೆ ನಿಮಗೂ ಅದಕ್ಕೂ ಸಾಕಾಗಿಹೋಗುತ್ತದೆ. ಮೊದಲು ಕ್ಲಿಪ್ಪರ್, ಕೊನೆಯಲ್ಲಿ ಗ್ರೈಂಡರ್. ನಾನು ಮಾಡುವುದು ಹಾಗೆ. ಗ್ರೈಂಡರ್‌ನಲ್ಲಿ ರಕ್ತವೇ ಬರುವುದಿಲ್ಲ ಅನ್ನುವ ಮಾತನ್ನೂ ನಂಬಬೇಡಿ. ಸವೆಸುತ್ತಾ ಹೋದರೆ ಅದೂ ಹಸಿಭಾಗಕ್ಕೆ ಮುಟ್ಟುತ್ತದೆ.

ಗ್ರೈಂಡರ್ ಕೊಳ್ಳುವಾಗ ಏನು ನೋಡಬೇಕು?

ವೇಗ ಕನಿಷ್ಠ ಎರಡು ಹಂತದಲ್ಲಿರಬೇಕು, ಕಡಿಮೆ ವೇಗದಿಂದಲೇ ಶುರು ಮಾಡಿ. ವಯರ್ ಇಲ್ಲದ್ದು ಒಳ್ಳೆಯದು. ತುದಿಯಲ್ಲಿ ಎರಡು ಬಗೆ. ಸ್ಯಾಂಡ್‌ಪೇಪರ್ ಸುತ್ತಿದ ಡ್ರಮ್ ಬೇಗ ಸವೆಯುತ್ತದೆ, ಬದಲಾಯಿಸುತ್ತಿರಬೇಕು. ಡೈಮಂಡ್ ಪುಡಿ ಅಂಟಿಸಿದ ತುದಿ ತುಂಬಾ ದಿನ ಬರುತ್ತದೆ. ಮುಂದೆ ತೂತುಗಳಿರುವ ಒಂದು ಪ್ಲಾಸ್ಟಿಕ್ ಮುಚ್ಚಳ ಕೊಟ್ಟಿರುತ್ತಾರೆ. ಚಿಕ್ಕ ನಾಯಿಗೆ ಪರವಾಗಿಲ್ಲ, ದೊಡ್ಡ ನಾಯಿಯ ಉಗುರು ಅದರಲ್ಲಿ ಹಿಡಿಸುವುದಿಲ್ಲ. ತೆಗೆದಿಟ್ಟು ಬಳಸುವವರೇ ಜಾಸ್ತಿ.

ಎಷ್ಟು ಸದ್ದು ಮಾಡುತ್ತದೆ ಅನ್ನುವುದನ್ನು ಡಬ್ಬಿಯ ಮೇಲೆ ಓದಿ ತೀರ್ಮಾನಿಸಬೇಡಿ. ಸಾಧ್ಯವಾದರೆ ಆನ್ ಮಾಡಿ ಕೇಳಿಸಿಕೊಳ್ಳಿ. ನಿಮ್ಮ ಹಲ್ಲು ಜುಮ್ಮೆಂದರೆ ನಾಯಿಗೆ ಇನ್ನೂ ಕಷ್ಟ.

ಮನೆಯಲ್ಲಿ ಮರಗೆಲಸಕ್ಕೆ ಬಳಸುವ ಡ್ರೆಮೆಲ್ ಇದೆ. ಅದನ್ನೇ ಬಳಸಬಹುದಾ?

ಬಳಸುವವರಿದ್ದಾರೆ. ಆದರೆ ಅಂಥ ಟೂಲ್‌ಗಳಲ್ಲಿ ಕೆಲವು ನಿಮಿಷಕ್ಕೆ 30,000 ಸುತ್ತು ದಾಟುತ್ತವೆ. ಆ ವೇಗದಲ್ಲಿ ಉಗುರು ಕಾಯುವುದು ಕ್ಷಣದ ಮಾತು. ವೇಗವನ್ನು ಪೂರ್ತಿ ಕೆಳಗಿಳಿಸಲು ಆಗುವಂತಿದ್ದರೆ, ಸ್ಯಾಂಡ್‌ಪೇಪರ್ ಡ್ರಮ್ ಹಾಕಿ ಬಳಸಬಹುದು. ಕೈ ಪಳಗದವರಿಗೆ ನಾನು ಬೇಡ ಅನ್ನುತ್ತೇನೆ.

ಕಾಲು ಮುಟ್ಟಲು ಬಿಡುವುದೇ ಇಲ್ಲ. ಯಾವ ಸಾಧನ ತಂದರೂ ಏನು ಪ್ರಯೋಜನ?

ಇಂಥ ನಾಯಿಗೆ ಸ್ಕ್ರ್ಯಾಚ್ ಬೋರ್ಡ್ ಇದೆ. ಒಂದು ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ, ಓರೆಯಾಗಿ ಹಿಡಿದು, ನಾಯಿಗೆ ಅದನ್ನು ಕೆರೆಯಲು ಕಲಿಸುವುದು. 80 ಗ್ರಿಟ್‌ನ ಹಾಳೆ ಸರಿಹೋಗುತ್ತದೆ. ಕೆರೆದಾಗಲೆಲ್ಲ ಒಂದು ತಿಂಡಿ. ಬೇಗ ಕಲಿಯುತ್ತವೆ, ಮಣ್ಣು ಕೆರೆಯುವ ಚಟ ಹೇಗೂ ಇದ್ದೇ ಇರುತ್ತದಲ್ಲ. ಇದರಲ್ಲಿ ಮುಂಗಾಲಿನ ಉಗುರು ಚೆನ್ನಾಗಿ ಸವೆಯುತ್ತದೆ. ಹಿಂಗಾಲು ಕಷ್ಟ, ಹೆಬ್ಬೆರಳಿನ ಉಗುರು ತಾಗುವುದೇ ಇಲ್ಲ. ಪಾದದಡಿಯ ಮೆತ್ತೆ ಉಜ್ಜಿ ಕೆಂಪಾಗುತ್ತಿದೆಯಾ ನೋಡಿಕೊಳ್ಳಿ.

ಕ್ಲಿಪ್ಪರ್‌ಗೂ ಒಗ್ಗಿಸಬಹುದು, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಒಂದು ದಿನ ಸುಮ್ನೆ ಕಾಲು ಮುಟ್ಟಿ ತಿಂಡಿ ಕೊಡಿ. ಕೆಲವು ದಿನ ಬಿಟ್ಟು ಕ್ಲಿಪ್ಪರ್ ತೋರಿಸಿ ತಿಂಡಿ ಕೊಡಿ. ಆಮೇಲೆ ಉಗುರಿಗೆ ತಾಗಿಸಿ. ಕೊನೆಗೆ ಒಂದೇ ಒಂದು ಉಗುರು. ಒಂದೇ ದಿನ 18 ಉಗುರನ್ನೂ ಮುಗಿಸಬೇಕು ಅಂತ ಯಾರೂ ಹೇಳಿಲ್ಲ. ದಿನಕ್ಕೊಂದು ಕಾಲು ಮಾಡಿದರೂ ನಡೆಯುತ್ತದೆ. ನಾಲ್ಕು ಜನ ಸೇರಿ ಅದುಮಿ ಹಿಡಿದರೆ ಈ ಸಲ ಕೆಲಸ ಆಗುತ್ತದೆ, ಮುಂದಿನ ಸಲಕ್ಕೆ ಆರು ಜನ ಬೇಕಾಗುತ್ತಾರೆ.

ತಿಂಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಗಮನ ಬೇರೆ ಕಡೆ ಇರಲಿ ಅಂತ ಪೀನಟ್ ಬಟರ್ ನೆಕ್ಕಿಸುತ್ತಾರೆ. ಡಬ್ಬಿಯ ಮೇಲೆ ಕ್ಸೈಲಿಟಾಲ್ ಅಂತ ಬರೆದಿದ್ದರೆ ಕೊಡಲೇಬೇಡಿ. ಸಕ್ಕರೆಯ ಬದಲಿಗೆ ಹಾಕುವ ಈ ಪದಾರ್ಥ ನಾಯಿಗೆ ವಿಷ.

ರಕ್ತ ಬಂದರೆ ಏನು ಮಾಡಬೇಕು?

ಮೊದಲು ನೀವು ಗಾಬರಿಯಾಗಬೇಡಿ. ನಿಮ್ಮ ದನಿ ಏರಿದರೆ ನಾಯಿ ಇನ್ನೂ ಹೆದರುತ್ತದೆ. ರಕ್ತ ನಿಲ್ಲಿಸುವ ಪುಡಿಯನ್ನು ಸ್ಟಿಪ್ಟಿಕ್ ಪೌಡರ್ ಅನ್ನುತ್ತಾರೆ. ಫೆರಿಕ್ ಸಬ್‌ಸಲ್ಫೇಟ್ ಇರುವ ಹಳದಿ ಮಿಶ್ರಿತ ಕಂದು ಪುಡಿ. ಚಿಟಿಕೆ ತೆಗೆದು ಉಗುರಿನ ತುದಿಗೆ ಒತ್ತಿ ಅರ್ಧ ಒಂದು ನಿಮಿಷ ಹಿಡಿಯಿರಿ. ಸ್ವಲ್ಪ ಉರಿಯುತ್ತದೆ, ನಾಯಿ ಕಾಲು ಎಳೆಯಬಹುದು. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಡಬ್ಬಿಯ ಮುಚ್ಚಳವನ್ನು ಕತ್ತರಿಸಲು ಕೂರುವ ಮೊದಲೇ ತೆಗೆದಿಡಿ. ಒಂದು ಕೈಯಲ್ಲಿ ರಕ್ತ ಸುರಿಯುವ ಕಾಲು ಹಿಡಿದು ಇನ್ನೊಂದರಲ್ಲಿ ಬಿಗಿ ಮುಚ್ಚಳ ತಿರುಗಿಸಲು ಹೆಣಗಾಡಿದವನ ಮಾತು ಇದು.

ಪುಡಿ ಇಲ್ಲವಾ? ಕಾರ್ನ್‌ಫ್ಲೋರ್ ಅಥವಾ ಮೈದಾ ಒತ್ತಿ ಹಿಡಿಯಿರಿ, ನಿಧಾನವಾದರೂ ನಿಲ್ಲುತ್ತದೆ. ಪಟಿಕವೂ ಆಗುತ್ತದೆ. 20 ನಿಮಿಷವಾದರೂ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಡಾಬರ್‌ಮನ್ ಸಾಕಿದವರು ಇದನ್ನು ಹಗುರವಾಗಿ ತಗೊಳ್ಳಬೇಡಿ. ರಕ್ತ ಬೇಗ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಅನ್ನುವ ಕಾಯಿಲೆ ಆ ತಳಿಯಲ್ಲಿ ಹೆಚ್ಚು.

ಹೆಬ್ಬೆರಳಿನ ಉಗುರಿಗೆ ಬೇರೆ ಸಾಧನ ಬೇಕಾ?

ಬೇಡ, ಆದರೆ ಮರೆಯಬೇಡಿ. ಮುಂಗಾಲಿನ ಒಳಮಗ್ಗುಲಲ್ಲಿ ಸ್ವಲ್ಪ ಮೇಲೆ ಇರುವ ಈ ಉಗುರು, ಡ್ಯೂಕ್ಲಾ, ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಬಿಟ್ಟರೆ ಸುತ್ತಿಕೊಂಡು ಬಂದು ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಉದ್ದ ಕೂದಲಿನ ನಾಯಿಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ, ಬೆರಳಾಡಿಸಿ ಹುಡುಕಬೇಕು. ಗ್ರೇಟ್ ಪಿರನೀಸ್‌ನಂಥ ತಳಿಗೆ ಹಿಂಗಾಲಿನಲ್ಲೂ ಎರಡೆರಡು ಇರುತ್ತವೆ. ಇದಕ್ಕೆ ಇಕ್ಕಳದಂಥ ಚಿಕ್ಕ ಕ್ಲಿಪ್ಪರ್ ಎಲ್ಲಕ್ಕಿಂತ ಅನುಕೂಲ.

ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು?

ಸಾಮಾನ್ಯವಾಗಿ 3ರಿಂದ 4 ವಾರಕ್ಕೊಮ್ಮೆ. ಗಟ್ಟಿ ನೆಲದ ಮೇಲೆ ದಿನಾ ಓಡಾಡುವ ನಾಯಿಗೆ ಇನ್ನೂ ತಡವಾಗಿ ಸಾಕು. ನಡೆಯುವಾಗ ನೆಲದ ಮೇಲೆ ಟಕಟಕ ಸದ್ದು ಕೇಳಿಸಿದರೆ ಹೊತ್ತಾಗಿದೆ ಅಂತ ಲೆಕ್ಕ.

ತುಂಬಾ ದಿನ ಬಿಟ್ಟರೆ ಉಗುರಿನ ಜೊತೆ ಒಳಗಿನ ತಿರುಳೂ ಉದ್ದಕ್ಕೆ ಬೆಳೆಯುತ್ತದೆ. ಆಗ ಒಂದೇ ಸಲ ಗಿಡ್ಡ ಮಾಡಲು ಆಗುವುದಿಲ್ಲ. ವಾರಕ್ಕೊಮ್ಮೆ ತುದಿಯನ್ನಷ್ಟೇ ತೆಗೆಯುತ್ತಾ ಬನ್ನಿ, ತಿರುಳು ನಿಧಾನಕ್ಕೆ ಹಿಂದೆ ಸರಿಯುತ್ತದೆ. ಈ ಕೆಲಸಕ್ಕೆ ಗ್ರೈಂಡರ್ ಹೇಳಿ ಮಾಡಿಸಿದ್ದು.

ನಮ್ಮ ನಾಯಿಗೆ ವಯಸ್ಸಾಗಿದೆ, ಉಗುರು ಕಲ್ಲಿನ ಹಾಗಿದೆ.

ವಯಸ್ಸಾದ ನಾಯಿ ಓಡಾಡುವುದು ಕಡಿಮೆ, ಉಗುರು ಸವೆಯುವುದೂ ಕಡಿಮೆ. ಜೊತೆಗೆ ದಪ್ಪವಾಗಿ, ಪೆಡಸಾಗಿ ಸೀಳುತ್ತದೆ. ಉದ್ದ ಹಿಡಿಯ ದೊಡ್ಡ ಕ್ಲಿಪ್ಪರ್‌ನಲ್ಲಿ ಚೂರು ತೆಗೆದು ಉಳಿದದ್ದನ್ನು ಗ್ರೈಂಡರ್‌ನಲ್ಲಿ ಸವೆಸಿ. ಸ್ನಾನ ಮಾಡಿಸಿದ ಮೇಲೆ ಉಗುರು ಸ್ವಲ್ಪ ಮೆದುವಾಗಿರುತ್ತದೆ. ಕೀಲು ನೋವಿರುವ ನಾಯಿಯ ಕಾಲನ್ನು ಮೇಲಕ್ಕೆ ಎತ್ತಬೇಡಿ. ಮಲಗಿದ್ದ ಹಾಗೇ, ನೆಲಕ್ಕೆ ಹತ್ತಿರವಾಗಿ ಹಿಡಿದು ಮಾಡಿ. ಬಗ್ಗಬೇಕಾದವರು ನೀವು.

ಕ್ಲಿಪ್ಪರ್ ಸ್ವಚ್ಛ ಮಾಡುವುದು ಹೇಗೆ?

ಉಗುರಿನ ಪುಡಿ ಬ್ರಷ್‌ನಲ್ಲಿ ತೆಗೆದು, 70 ಶೇಕಡಾ ಆಲ್ಕೋಹಾಲಿನಲ್ಲಿ ಬ್ಲೇಡು ಒರೆಸಿ, ಚೆನ್ನಾಗಿ ಒಣಗಿಸಿ. ಕೀಲಿಗೆ ಒಂದು ಹನಿ ಎಣ್ಣೆ. ಒದ್ದೆಯಾಗಿ ಡ್ರಾಯರ್‌ಗೆ ಎಸೆದರೆ ಸ್ಪ್ರಿಂಗು ಮೊದಲು ತುಕ್ಕು ಹಿಡಿಯುತ್ತದೆ. ಒಂದಕ್ಕಿಂತ ಹೆಚ್ಚು ನಾಯಿ ಇದ್ದರೆ ಒಂದರದು ಮುಗಿದ ಮೇಲೆ ಒರೆಸಿಯೇ ಇನ್ನೊಂದಕ್ಕೆ ಹೋಗಿ.

ಯಾವಾಗ ಮನೆಯಲ್ಲಿ ಮಾಡಲೇಬಾರದು?

ಉಗುರು ಬುಡದಲ್ಲಿ ಮುರಿದು ನೇತಾಡುತ್ತಿದ್ದರೆ, ಮೆತ್ತೆಯೊಳಗೆ ಚುಚ್ಚಿಕೊಂಡಿದ್ದರೆ, ಬೆರಳು ಊದಿ ಕೀವಾಗಿದ್ದರೆ, ನಾಯಿ ಕುಂಟುತ್ತಿದ್ದರೆ. ಕಚ್ಚಲು ಬರುವ ನಾಯಿಯಾದರೂ ಅಷ್ಟೇ. ಇವಕ್ಕೆಲ್ಲ ಪಶುವೈದ್ಯರ ಹತ್ತಿರ ಹೋಗಿ. ಹಾಗೆ ಹೋದಾಗ ನಿಮ್ಮ ಕ್ಲಿಪ್ಪರನ್ನೂ ತಗೊಂಡು ಹೋಗಿ, ಒಂದು ಉಗುರನ್ನು ನಿಮ್ಮ ಕೈಯಲ್ಲೇ ಕತ್ತರಿಸಿ ತೋರಿಸಲು ಕೇಳಿ. ಕ್ಲಿಪ್ಪರ್ ಯಾವ ಕೋನದಲ್ಲಿ ಹಿಡಿಯಬೇಕು ಅನ್ನುವುದು ನನಗೆ ತಿಳಿದದ್ದು ಹಾಗೆ, ಓದಿ ಅಲ್ಲ.

ನಾನು ಎಡಚ. ನನಗೆ ಬೇರೆಯದೇ ಬೇಕಾ?

ಇಕ್ಕಳದಂಥದ್ದು ಎರಡೂ ಕೈಗೆ ಆಗುತ್ತದೆ. ಕೊಳ್ಳುವ ಮುಂಚೆ ಹಿಡಿಗಳನ್ನು ಮುಚ್ಚಿಡುವ ಲಾಕ್ ಎಲ್ಲಿದೆ ನೋಡಿ. ಕೆಲವದರಲ್ಲಿ ಅದು ಎಡಗೈ ಹೆಬ್ಬೆರಳಿಗೆ ಎಟುಕುವುದಿಲ್ಲ, ಇನ್ನು ಕೆಲವದರಲ್ಲಿ ಕತ್ತರಿಸುವ ಮಧ್ಯೆ ತಾನಾಗಿ ಬಿದ್ದುಬಿಡುತ್ತದೆ.